ಏನೂ ಮಾಡಲ್ಲ

ಹಾಲಿನ ಗಂಗುಲಪ್ಪ ಗೇಟಿನಾಚೆ ನಿಂತು
ಕ್ಯಾನು ಎದೆಗೊತ್ತಿಕೊಂಡಾಗೆಲ್ಲ
ಒಳಗಿಂದಲೇ ಕೂಗುತ್ತಿದ್ದೆ:
ಬನ್ನಿ, ಅದು ಏನೂ ಮಾಡಲ್ಲ.
ಮೀಟರು ಓದುವ ಹುಡುಗನಿಗೂ ಅದೇ ಮಾತು,
ಸಿಲಿಂಡರ್ ಹೊತ್ತು ಬಂದವನಿಗೂ.
ಬೆಲ್ಲದ ಬಣ್ಣದ ನಾಯಿ. ಹೆಸರೂ ಬೆಲ್ಲ.
ಬೆಲ್ಲಕ್ಕೆ ಹಲ್ಲಿರುತ್ತದೆಯೇ, ಯಾರಾದರೂ ಹೇಳಿ.

ಗೇಟಿನ ಚಿಲಕ ಮುರಿದದ್ದು ಯುಗಾದಿಯ ಹೊತ್ತಿಗೆ.
ಹುರಿ ಮಿಷನ್ನಿನಿಂದ ಒಂದು ಹಿಡಿ ರೇಷ್ಮೆ ದಾರ ತಂದು
ಎಂಟು ಸುತ್ತು ಸುತ್ತಿ, ಗಂಟು ಹಾಕಿ,
ಶಿಡ್ಲಘಟ್ಟದಲ್ಲಿ ದಾರಕ್ಕೇನು ಬರ ಎಂದು ನಕ್ಕೆ.
ದಾರ ಗಟ್ಟಿಯೇ. ಅದರ ಮೇಲೆ ನನಗೆ ದೂರಿಲ್ಲ.
ಕಟ್ಟುವುದನ್ನು ಮರೆತ ಕೈ ನನ್ನದು.

ಆವತ್ತು ಗಾಳಿ ರೀಲಿಂಗ್ ಶೆಡ್ಡುಗಳ ಕಡೆಯಿಂದ ಬೀಸಿತು,
ಬೆಂದ ಹುಳುವಿನ ವಾಸನೆ ಹೊತ್ತು.
ನಮಗೆ ಮೂಗು ಮುಚ್ಚಿಸುವ ನಾತ,
ಅದಕ್ಕೆ ಹಬ್ಬದಡುಗೆ.
ಕದದ ಸಂದಿಗೆ ಮೊದಲು ಮೂತಿ, ಹಿಂದೆಯೇ ಮೈ.

ಚಾಂದ್‌ಪಾಷನ ಮಗಳು ಅರ್ಷಿಯಾ
ಅಪ್ಪನಿಗೆ ಬುತ್ತಿ ಹಿಡಿದು ಹೊರಟವಳು
ನಾಯಿ ಕಂಡು ಓಡಿದಳಂತೆ.
ಓಡಬಾರದಿತ್ತು, ಎಂದರು ಪಕ್ಕದ ಮನೆಯವರು.
ಏಳು ವರ್ಷದ ಕಾಲು ಮತ್ತೇನು ಮಾಡಬೇಕಿತ್ತು?

ನಲ್ಲಿಯ ಕೆಳಗೆ ಆ ಪುಟ್ಟ ಮೀನಖಂಡ ಹಿಡಿದು
ಸೋಪು ಹಚ್ಚಿ ಹಚ್ಚಿ ತೊಳೆದೆ.
ಬುತ್ತಿಯ ಅನ್ನ ರಸ್ತೆಯಲ್ಲಿ, ಇರುವೆ ಪಾಲು.
ಆಸ್ಪತ್ರೆಯಲ್ಲಿ ಕೇಳಿದರು: ನಾಯಿಗೆ ಇಂಜೆಕ್ಷನ್ ಆಗಿದೆಯಾ?
ಮನೆಗೆ ಬಂದು ಬೀರು ಪೂರಾ ಜಾಲಾಡಿದೆ. ಸಿಕ್ಕ ಚೀಟಿ
ಹೋದ ವರ್ಷದ್ದಲ್ಲ, ಅದರ ಹಿಂದಿನದು.

ಸೊನ್ನೆ, ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟು.
ಇದು ಯಾವ ಮಗ್ಗಿ ಆಂಟಿ,
ಬೆಂಚಿನ ಮೇಲೆ ತೋಳು ಒತ್ತಿಕೊಂಡು ಅರ್ಷಿಯಾ ಕೇಳಿದಳು.
ನನ್ನದಮ್ಮಾ. ಬಾಯಿಪಾಠ ಮಾತ್ರ ನಿನ್ನ ಪಾಲಿಗೆ ಬಂತು.
ಅವಳಮ್ಮ ಬೈದಿದ್ದರೆ ಹಗುರಾಗುತ್ತಿತ್ತೇನೋ.
ಗೋಡೆ ನೋಡುತ್ತಾ ಒಂದೇ ಮಾತು ಕೇಳಿದರು:
ಗೇಟಿಗೆ ಚಿಲಕ ಇರಲಿಲ್ವಾ?

ವೆಲ್ಡಿಂಗ್ ಮುಸ್ತಾಕ್ ಬಂದ. ಕಿಡಿ ಹಾರಿತು.
ಎಂಬತ್ತು ರೂಪಾಯಿ. ಕೊಟ್ಟ ಟೀ ಆರುವಷ್ಟರಲ್ಲಿ ಮುಗಿಯಿತು
ದೀಪಾವಳಿ ಕಳೆದರೂ ನಾಳೆ ನಾಳೆ ಎನ್ನುತ್ತಿದ್ದ ಕೆಲಸ.
ಹತ್ತು ದಿನ ನೀರಿನ ಬಟ್ಟಲು ಕಾಯುತ್ತಾ ಕೂತೆ,
ಕುಡಿಯಿತಾ, ಕುಡಿಯಿತಾ ಎಂದು.
ಬೆಲ್ಲ ಸರಪಳಿಯ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.
ಅದು ನಾಯಿ. ನಾಯಿ ಮಾಡುವುದನ್ನು ಮಾಡಿತು.
ಏನೂ ಮಾಡದವಳು ಒಬ್ಬಳಿದ್ದಳು ಈ ಮನೆಯಲ್ಲಿ,
ಎಲ್ಲರನ್ನೂ ಬನ್ನಿ ಬನ್ನಿ ಎಂದು ಕರೆಯುತ್ತಾ.

ಇಪ್ಪತ್ತೆಂಟನೆಯ ದಿನ, ಕೊನೆಯ ಸೂಜಿ ಮುಗಿಸಿ
ಅಮ್ಮನ ಬುರ್ಖಾದ ತುದಿ ಬಿಡದೆ
ಅರ್ಷಿಯಾ ನಮ್ಮ ಗೇಟಿನ ತನಕ ಬಂದಳು.
ಕೈ ಚಾಚಿ ಚಿಲಕ ಒಮ್ಮೆ ಜಗ್ಗಿದಳು. ಇನ್ನೊಮ್ಮೆ.
ಆಮೇಲೆ ಕುಕ್ಕರುಗಾಲಲ್ಲಿ ಕೂತು
ನಾಯಿಯ ಎತ್ತರದಿಂದ ನೋಡಿದಳು.

ಕೆಳಗೆ ಸಂದಿ ಇದೆ ಆಂಟಿ.

ನಾಳೆ ಎನ್ನಲು ತೆರೆದ ಬಾಯಿ
ಮುಚ್ಚಿಕೊಂಡೆ.