ಏಳನೇ ನಂಬರಿನ ಬಸ್ಸು

ಬೀದಿಪಾಲಾಗಲು ಮೊದಲು ಬೀದಿ ಬೇಕು.
ಮೇಯ್ನಿನ ಈ ಉತ್ತರದ ತುದಿಯಲ್ಲಿ ಬೀದಿಯಿಲ್ಲ.
ಆಲೂಗಡ್ಡೆ ಹೊಲ, ಅದರಾಚೆ ಆಲೂಗಡ್ಡೆ ಹೊಲ,
ನಡುವೆ ಉಪ್ಪು ಸುರಿದ ಒಂದೇ ರಸ್ತೆ
ಕೆನಡಾ ಗಡಿಯವರೆಗೆ.
ಮಲಗಲು ಫುಟ್‌ಪಾತಿಲ್ಲ, ಕೈಯೊಡ್ಡಲು ಸಿಗ್ನಲ್ಲಿಲ್ಲ,
ಹಾಗಾಗಿ ಮನೆಯಿಲ್ಲದವರೂ ಇಲ್ಲ.
ಜನವರಿಯ ಒಂದು ರಾತ್ರಿ ಎಣಿಸಲು ಬಂದ ಹುಡುಗರು
ಟಾರ್ಚು ಬೀಸಿ, ಕಾಫಿ ಕುಡಿದು,
ಸೊನ್ನೆ ಬರೆದುಕೊಂಡು ಹೋದರು.

ನಾನು ಇಪ್ಪತ್ತಾರು ವರ್ಷದಿಂದ
ಏಳನೇ ನಂಬರಿನ ಶಾಲೆ ಬಸ್ಸು ಓಡಿಸುವವಳು.
ನನಗೆ ಗೊತ್ತು.
ಎಮೆರಿ ಅಂತ ಒಬ್ಬ ಹುಡುಗ, ಮೂರನೇ ಕ್ಲಾಸು.
ಸೆಪ್ಟೆಂಬರಿನಲ್ಲಿ ಮರದ ಮಿಲ್ಲಿನ ತಿರುವಿನಲ್ಲಿ ಹತ್ತುತ್ತಿದ್ದ,
ಅಕ್ಟೋಬರಿನಲ್ಲಿ ಸೇತುವೆಯ ಹತ್ತಿರ,
ಹಿಮ ಬಿದ್ದ ಮೇಲೆ
ಪಾಳುಬಿದ್ದ ಆಲೂಗಡ್ಡೆ ಉಗ್ರಾಣದ ಹಿಂದಿನಿಂದ
ಓಡೋಡಿ ಬರುತ್ತಿದ್ದ.
"ಮನೆ ಬದಲಾಯಿಸಿದಿರಾ?" ಅಂದೆ ಒಮ್ಮೆ, ಕನ್ನಡಿಯಲ್ಲಿ ನೋಡುತ್ತ.
"ಇಲ್ಲ, ಪಾರ್ಕಿಂಗು," ಅಂದ.
ಸುಳ್ಳು ಹೇಳಲು ಕಲಿಸಿದ್ದರು ಅವನಿಗೆ,
ಪೂರ್ತಿ ಕಲಿಸಿರಲಿಲ್ಲ.

ನನ್ನ ಸೀಟಿನ ಹಿಂದಿನ ಚೀಲ ಶುರುವಾದದ್ದು ಹಾಗೆ.
ಚರ್ಚಿನ ನೆಲಮಾಳಿಗೆಯಲ್ಲಿ ಒಡೀಲ್ ಅನ್ನುವ ಮುದುಕಿ
ಒಬ್ಬಳೇ ಕೂತು ದಾನದ ಪೆಟ್ಟಿಗೆ ಬಿಚ್ಚುತ್ತಾಳೆ.
ಜನ ಏನೇನು ಕೊಡುತ್ತಾರೆ, ನೀವು ನೋಡಬೇಕು:
ಒಂಟಿ ಕೈಗವಸು, ಮದುವೆಯ ಹೈಹೀಲ್ಡು,
ಆಕಾಶದ ತುಂಡುಗಳೆಲ್ಲ ಕಳೆದುಹೋದ ಜಿಗ್ಸಾ,
ಓಪನರಿಲ್ಲದ ಹನ್ನೆರಡು ಡಬ್ಬಿ ಕುಂಬಳಕಾಯಿ.
ಒಡೀಲ್ ಯಾರನ್ನೂ ಬೈಯುವುದಿಲ್ಲ.
"ಕೊಟ್ಟವರ ಕೈ ನೋಡಬೇಡ,
ತೊಟ್ಟವರ ಕಾಲು ನೋಡು," ಅನ್ನುತ್ತಾಳೆ.
ಅವಳ ಪಟ್ಟಿಯಲ್ಲಿ ಮೊದಲು ಕಾಲುಚೀಲ,
ಎರಡನೆಯದೂ ಕಾಲುಚೀಲ,
ಆಮೇಲೆ ಡಯಾಪರು, ಪ್ಯಾಡು, ಟಾರ್ಚಿನ ಸೆಲ್ಲು,
ಲಾಂಡ್ರಿ ಮೆಷಿನ್ನಿಗೆ ಹಾಕುವ ಚಿಲ್ಲರೆ
(ಕ್ಲಾಸಿನಲ್ಲಿ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಅದಕ್ಕೆ).

"ಯಾರೋ ಬಸ್ಸಿನಲ್ಲಿ ಮರೆತಿದ್ದಾರೆ, ನಿನ್ನದಾ?" ಅನ್ನುತ್ತೇನೆ.
ಎಮೆರಿ ಚೀಲದೊಳಗೆ ಇಣುಕುತ್ತಾನೆ,
ಕಾಲುಚೀಲ ಎತ್ತಿ ಬೆಳಕಿಗೆ ಹಿಡಿಯುತ್ತಾನೆ,
ದೊಡ್ಡವರ ಹಾಗೆ ಯೋಚಿಸಿ
"ಇರಬಹುದು," ಅನ್ನುತ್ತಾನೆ.
ವಾರಕ್ಕೊಮ್ಮೆ ಈ ನಾಟಕ.

ಫೆಬ್ರವರಿಯಲ್ಲಿ ಒಂದು ಕೋಟು ಬಂತು.
ಕಡುನೀಲಿ ಉಣ್ಣೆ, ಗುಂಡಿಗಳೆಲ್ಲ ಇದ್ದವು,
ದೊಡ್ಡ ಹೆಂಗಸರ ಅಳತೆ.
ಅದೂ ಬಸ್ಸಿನಲ್ಲೇ ಮರೆತದ್ದಾಯಿತು.
ಮೂರನೇ ದಿನ ಬೆಳಿಗ್ಗೆ, ಸೊನ್ನೆಗಿಂತ ಇಪ್ಪತ್ತು ಕೆಳಗೆ,
ಹುಡುಗನ ಜೊತೆ ತಾಯಿಯೂ ರಸ್ತೆವರೆಗೆ ಬಂದಳು.
ಡಾರ್ಲೀನ್. ರಾತ್ರಿಪಾಳಿ ಮುಗಿಸಿದವಳು,
ಚಿಪ್ಸ್ ಕಾರ್ಖಾನೆಯ ಬಲೆಟೋಪಿ ಇನ್ನೂ ತಲೆಯ ಮೇಲೆ.
ಮೆಟ್ಟಿಲಿಗೆ ಒಂದು ಕಾಲಿಟ್ಟು ಕೈ ಚಾಚಿದಳು.
ಏನೋ ಕೇಳುತ್ತಾಳೆ ಅಂದುಕೊಂಡೆ.
ಈಗಲೂ ನಾಚಿಕೆಯಾಗುತ್ತದೆ.
ಅಂಗೈಯಲ್ಲಿ ಹಿತ್ತಾಳೆಯ ಬೀಗದ ಕೈ,
ಹಸಿರು ದಾರ ಕಟ್ಟಿದ್ದು.
"ಕೋಟಿನ ಜೇಬಲ್ಲಿತ್ತು. ಯಾರದೋ ಮನೆಯದು.
ಪಾಪ, ಹೊರಗೆ ನಿಂತಿರಬಹುದು,
ಬೇಗ ಮುಟ್ಟಿಸಿಬಿಡಿ."

ಹಿಂದೆ ಮಕ್ಕಳು ಕಿರುಚುತ್ತಿದ್ದವು.
ಬ್ರೇಕಿನಿಂದ ಕಾಲು ತೆಗೆಯಲು ಮರೆತು ಕೂತಿದ್ದೆ.

ಒಡೀಲ್ ಅದನ್ನು ಮೊಳೆಗೆ ನೇತುಹಾಕಿದ್ದಾಳೆ.
ಯಾರೂ ಕೇಳಿಕೊಂಡು ಬಂದಿಲ್ಲ.
ಸತ್ತವರ ಕೋಟಿರಬಹುದು.
ಅಥವಾ ಬೇಸಿಗೆಗೆ ಮಾತ್ರ ಬರುವವರ ಕೆರೆದಂಡೆಯ ಮನೆಯದು,
ಕೊಳವೆ ಒಡೆಯದಿರಲೆಂದು ಹೀಟರು ಹಚ್ಚಿಟ್ಟು
ಚಳಿಗಾಲವಿಡೀ
ಯಾರೂ ಇಲ್ಲದ ಕೋಣೆಗಳನ್ನು ಬೆಚ್ಚಗಿಡುತ್ತಾರಲ್ಲ,
ಅಂಥದ್ದು.

ಎಮೆರಿ ಈ ವಾರ ಮತ್ತೆ ಸೇತುವೆಯ ಹತ್ತಿರ ಹತ್ತುತ್ತಿದ್ದಾನೆ.
ಮುಂದಿನ ಜನವರಿ ಎಣಿಸುವ ಹುಡುಗರು ಬಂದರೆ
ಬಸ್ಸು ಹತ್ತಿಸಿ ಒಂದು ಸುತ್ತು ತಿರುಗಿಸುತ್ತೇನೆ.

ಸದ್ಯಕ್ಕೆ ಡಬ್ಬಿ ಓಪನರು ಬೇಕು, ನಾಲ್ಕು.
ಹುಡುಗರ ಬೂಟು, ಮೂರರ ಸೈಜು.
ಕೋಟು ಕೊಡುವವರು
ಜೇಬು ನೋಡಿ ಕೊಡಿ.