ಕಡಲಾಚೆಯ ನೀಲಿ

ಬನ್ನಿ ಸ್ವಾಮಿ, ಕಾಲೊರೆಸಿ ಒಳಗೆ ಬನ್ನಿ.
ಹೋದ ವಾರ ರೋಮಿನಿಂದ ಬಂದವರೂ ಇದನ್ನೇ ಕೇಳಿದರು:
ಮೇರಿಮಾತೆಗೆ ಬೂದಿಬಣ್ಣ ಹೊದಿಸುವ ಧೈರ್ಯ
ನಿಮ್ಮ ಗಂಡನಿಗೆ ಎಲ್ಲಿಂದ ಬಂತು ಎಂದು.

ಧೈರ್ಯವಂತೆ!
ಆ ವರ್ಷ ಜಿನೋವಾದಲ್ಲಿ ಮೂರು ತಿಂಗಳ ಬಾಡಿಗೆ ಬಾಕಿ.
ಬಲ್ದಸ್ಸಾರೆ ಹಡಗಿನ ಮೂತಿಗೆ ಬಣ್ಣ ಬಳಿಯುತ್ತಿದ್ದ,
ಹೆಣದ ಪೆಟ್ಟಿಗೆಗೆ ಶಿಲುಬೆ ಬರೆಯುತ್ತಿದ್ದ.
ಅಂಥವನನ್ನು ಕರೆದು ಹವಳದವರ ಸಂಘ
ಎರಡಾಳೆತ್ತರದ ಪೀಠದ ಪಟ ಒಪ್ಪಿಸಿತು.
ಕರಾರು ಓದು ಬಾರದ ನನಗೂ ಬಾಯಿಪಾಠ:
ಮಾತೆಯ ಹೊದಿಕೆಗೆ ರಾಜಾವರ್ತ ಕಲ್ಲಿನ ಅಪ್ಪಟ ನೀಲಿ,
ಆರು ಔನ್ಸು, ಹಣ ಮುಂಗಡ.
ನಮ್ಮ ಕಡೆ ಅದಕ್ಕೆ ಕಡಲಾಚೆಯ ನೀಲಿ ಅನ್ನುತ್ತೇವೆ.

ಕಡಲಾಚೆ, ಟ್ಯೂನಿಸ್ಸಿನಲ್ಲಿ, ನನ್ನ ತಮ್ಮ ಜಾಕೊಪೊ
ಸರಪಳಿಯ ಕಾಲಲ್ಲಿ ಕಲ್ಲು ಹೊರುತ್ತಿದ್ದ.
ಸೆರೆ ಬಿಡಿಸುವ ಪಾದ್ರಿಗಳ ಹಡಗು ಗುರುವಾರಕ್ಕೆ.

ನಾನೇನೂ ಕೇಳಲಿಲ್ಲ. ಅವನೂ ಹೇಳಲಿಲ್ಲ.
ಬುಧವಾರ ರಾತ್ರಿ ಹಣದ ಚೀಲ ಒಲೆಯ ಪಕ್ಕ ಇಟ್ಟು
ಗೋಡೆ ಕಡೆ ತಿರುಗಿ ಮಲಗಿದ.

ಆಮೇಲೆ ಗಾಜು.
ಗಾಜುಗಾರರ ಓಣಿಯಲ್ಲಿ ಚಿಲ್ಲರೆಗೆ ಸಿಗುವ ನೀಲಿ ಗಾಜು.
ಅರೆದವಳು ನಾನೇ. ನೋಡಿ, ಈ ಬೆರಳ ಸಂದಿಯಲ್ಲಿ
ಈಗಲೂ ಒಂದು ಚೂರು, ಚಳಿ ಬಂದರೆ ಏಳುತ್ತದೆ.
ಪರದೆ ಸರಿಸಿದ ದಿನ ಅದು ನೀಲಿಯೇ, ಸುಳ್ಳೇಕೆ.
ಹವಳದವರ ಹೆಂಗಸರು ಮಂಡಿಯೂರಿ ಅತ್ತರು.
ಮರುವಾರ ಇಬ್ಬರು ಬಿಷಪ್ಪರ ಕಾಗದ.
ನಾವು ಮಾಂಸ ತಿಂದೆವು.

ಎಣ್ಣೆಗೆ ಗುಟ್ಟು ದಕ್ಕುವುದಿಲ್ಲ.
ಹತ್ತು ವರ್ಷದಲ್ಲಿ ನೀಲಿ ಒಳಗೊಳಗೇ ಆರಿ
ಬೂದಿಯಾಯಿತು. ಅಷ್ಟರಲ್ಲಿ ಅವನು ದೊಡ್ಡವನಾಗಿದ್ದ;
ದೊಡ್ಡವರ ತಪ್ಪಿಗೆ ಬೇರೆ ಹೆಸರಿರುತ್ತದೆ.
ಈಗಿನ ಹುಡುಗರು ಮೊದಲಿಗೇ ಬೂದಿ ಕಲಸುತ್ತಾರಂತೆ.

ತಮ್ಮನೇ?
ಹಡಗಿನಿಂದ ಇಳಿದವನು ಜಾಕೊಪೊನೇ,
ಬೇರೆ ಯಾರದೋ ಜಾಕೊಪೊ. ಸಿಸಿಲಿಯ ಮುದುಕ, ಬೊಚ್ಚುಬಾಯಿ.
ಪಟ್ಟಿಯಲ್ಲಿ ಹೆಸರು ಒಂದೇ ಇತ್ತು.
ನನ್ನ ಮುಖ ನೋಡಿ ಅವನೇ ಕ್ಷಮೆ ಕೇಳಿದ.
ವಾಪಸು ಕಳಿಸಲಾದೀತೇ, ಮನುಷ್ಯನನ್ನು?
ಹದಿನಾಲ್ಕು ವರ್ಷ ನಮ್ಮ ಹಿಂದಿನ ಕೋಣೆಯಲ್ಲಿದ್ದು
ಕುಂಚ ತೊಳೆದ, ನನ್ನನ್ನು ಅಕ್ಕಾ ಅಂದ.

ನೀವು ಧೈರ್ಯ ಎಂದೇ ಬರೆದುಕೊಳ್ಳಿ, ಪರವಾಗಿಲ್ಲ.
ಇಗರ್ಜಿಗೆ ಹೋದಾಗ ಮಾತ್ರ ಬಲಮೂಲೆ ನೋಡಿ:
ಯೋಸೇಫನ ಬಾಗಿದ ಹೆಗಲು ಅವನದು.
ಅದೊಂದು ಮಾಸಿಲ್ಲ.
ಬರೀ ಮಣ್ಣು ಅದು, ಕಂದು ಮಣ್ಣು.
ಸೇರಿಗೆ ಎರಡು ಕಾಸು.