ಮತ್ರಾದ ಹಿತ್ತಾಳೆ ಮೊಳೆ

ಹೊರಡುವ ಮುನ್ನ ಅಳೆಯಬೇಕು.
ಮತ್ರಾ ಬಂದರಿನ ಕಟ್ಟೆಯಲ್ಲಿ, ಹಗ್ಗ ಬಿಗಿಯುವ ಕಂಬದ ಪಕ್ಕ,
ನೆಲಕ್ಕೆ ಬಡಿದ ಒಂದು ಹಿತ್ತಾಳೆ ಮೊಳೆ.
ಅಲ್ಲಿ ಭೂಮಿ ಎಷ್ಟು ಎಳೆಯುತ್ತದೆಂದು
ಯಾರೋ ಎಂದೋ ಗೊತ್ತುಮಾಡಿ ಬರೆದಿಟ್ಟಿದ್ದಾರೆ.
ಉಪ್ಪು ಒರೆಸಿ ಉಪಕರಣ ಇಟ್ಟೆ,
ಮೂರು ಸಲ ಓದಿದೆ, ಬರೆದುಕೊಂಡೆ.
ಹಡಗಿನ ಮೇಲಿಂದ ಶಂಬೆ ಕೂಗಿದ: ನಮಾಜು ಮುಗಿಯಿತೇ?
ಅವನಿಗೆ ಕಂಡದ್ದು ಬಗ್ಗಿದ ಬೆನ್ನು ಮಾತ್ರ.

ಒಳಗಿರುವುದು ಒಂದು ಸ್ಪ್ರಿಂಗು, ಅದರ ತುದಿಗೆ ಒಂದು ತೂಕ.
ಬಾಪ ನೋಡಿದ್ದರೆ ನಗುತ್ತಿದ್ದರು.
ಮಂಗಳೂರಿನ ಬಂದರದಲ್ಲಿ ಮೂವತ್ತು ವರ್ಷ
ತಕ್ಕಡಿ ರಿಪೇರಿ ಮಾಡಿದವರು.
ಮುದ್ರೆ ಒತ್ತುವ ಇನ್ಸ್‌ಪೆಕ್ಟರು ಬರುವ ಹಿಂದಿನ ರಾತ್ರಿ
ಮಲಗಲು ಜಾಗವಿಲ್ಲದಂತೆ ತಟ್ಟೆ, ಸರಪಳಿ, ಗುಂಡು.
ಸ್ಪ್ರಿಂಗಿನ ಕಾಟಾ ಮಾತ್ರ ಅವರಿಗೆ ಆಗದು.
"ತಕ್ಕಡಿಗೆ ಊರಿನ ಹಂಗಿಲ್ಲ, ಎರಡು ತಟ್ಟೆಗೂ ಒಂದೇ ಭೂಮಿ.
ಸ್ಪ್ರಿಂಗು ಹೋದಲ್ಲೆಲ್ಲ ಮಾತು ಬದಲಿಸ್ತದೆ."
ಬೈದು ಅಂದ ಮಾತು.
ಆ ದೋಷಕ್ಕೇ ನನಗೀಗ ಸಂಬಳ.

ಊರವರಿಗೆ ಗಲ್ಫ್ ಅಂದರೆ ಮರಳು, ದಿರ್ಹಮು, ಹಗ್ಗ ಕಟ್ಟಿದ ಪೆಟ್ಟಿಗೆ.
ನೀರು ಯಾರ ಲೆಕ್ಕಕ್ಕೂ ಇಲ್ಲ.
ಹೊರ್ಮುಜಿನ ಒಳಗೆ ಅದು ತೆಳ್ಳಗೆ:
ಎರಡು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದರೆ
ಗರಿ ಹೊರಗೆ ಕಾಣುವಷ್ಟು.
ಹೊರಗೆ, ಒಮಾನ್ ಕೊಲ್ಲಿಯಲ್ಲಿ, ತಳ ಜಾರುತ್ತದೆ,
ಮೂರು ಸಾವಿರ ಮೀಟರು, ಇನ್ನೂ ಮುನ್ನೂರು,
ಅಲ್ಲಿಂದ ಕೆಳಗೆ ಕೆಸರು, ಕಲ್ಲಾಗುತ್ತಿರುವ ಕೆಸರು,
ಆಮೇಲೆ ಕಡಲಿನ ಸ್ವಂತ ನೆಲ, ತೆಳ್ಳನೆಯ ಕಪ್ಪು ರೊಟ್ಟಿ,
ವರ್ಷಕ್ಕೊಂದು ಅಂಗುಲದಂತೆ ಬಡಗಲಿಗೆ ನುಗ್ಗುತ್ತ
ಮಕ್ರಾನಿನ ಅಡಿಗೆ, ಶಂಬೆಯ ಅಜ್ಜಿಯ ಊರಿನ ಅಡಿಗೆ.
ಇದನ್ನು ಹೇಳಿದಾಗ ಅವನು ಬೀಡಿ ಕೆಳಗಿಟ್ಟ.
"ಅದಕ್ಕೇ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ."

ರಾತ್ರಿ ಪಾಳಿ. ಪರದೆಯ ಮೇಲೆ ಹಸಿರು ಗೆರೆ.
ಅಲೆಯನ್ನು ಕಳೆ. ಅಕ್ಷಾಂಶವನ್ನು ಕಳೆ.
ಹಡಗಿನ ವೇಗಕ್ಕೂ ಒಂದು ತಿದ್ದುಪಡಿ ಉಂಟು:
ಮೂಡಲಿಗೆ ಹೊರಟರೆ ಎಲ್ಲವೂ ಹಗುರ,
ಪಡುವಲಿಗೆ ತಿರುಗಿದರೆ ಭಾರ.
ಮೂಡಲಿಗೆ ನನ್ನ ಊರು.
ಸಮೀಕರಣದಲ್ಲೇ ಹಾಗಿದೆ, ನಾನು ಸೇರಿಸಿದ್ದಲ್ಲ.
ಕೊನೆಗೆ ಸಮುದ್ರವನ್ನೇ ತೆಗೆದು
ಅದರ ಗುಂಡಿಗೆ ಕಾಗದದ ಮೇಲೆ ಕಲ್ಲು ತುಂಬಬೇಕು;
ಡಾಕ್ಟರ್ ಝುವೈನಾ ಎರಡು ನಿಮಿಷದಲ್ಲಿ ಕೊಲ್ಲಿ ಮುಚ್ಚಿ
ಚಹಾ ಕುಡಿಯುತ್ತಾರೆ.
ಆಮೇಲೂ ಉಳಿಯುವ ಸೆಳೆತ ಯಾರದೋ ಅದೇ ನಮಗೆ ಬೇಕಾದದ್ದು:
ತೊಗಟೆ ತೆಳುವಾದಲ್ಲಿ
ಭೂಮಿಯ ಒಡಲಿನ ಭಾರದ ಕಲ್ಲು ಹತ್ತಿರ ಬಂದಿರುತ್ತದೆ,
ಸ್ಪ್ರಿಂಗು ಕೂದಲೆಳೆಯ ಸಾವಿರದೊಂದು ಪಾಲು ಬಾಗುತ್ತದೆ.

ಇಪ್ಪತ್ತಮೂರು ದಿನ. ಮತ್ತೆ ಮತ್ರಾ, ಅದೇ ಮೊಳೆ.
ಇಟ್ಟೆ, ಓದಿದೆ. ಹೊರಟಾಗಿನ ಅಂಕಿ ಬರಲಿಲ್ಲ.
ಮೊಳೆ ಬದಲಾಗಿಲ್ಲ; ಸ್ಪ್ರಿಂಗು ದಣಿದಿದೆ, ಸ್ವಲ್ಪವೇ.
ಯಾವ ರಾತ್ರಿ ದಣಿಯಿತೆಂದು ತಿಳಿಯುವ ದಾರಿಯಿಲ್ಲ,
ಹಾಗಾಗಿ ಆ ತಪ್ಪನ್ನು ಎಲ್ಲ ದಿನಗಳಿಗೂ
ಸಮನಾಗಿ ಹಂಚುತ್ತೇವೆ. ಅದು ಪದ್ಧತಿ.
ಹತ್ತೊಂಬತ್ತು ವರ್ಷವಾಯಿತು ನಾನು ಇಲ್ಲಿಗೆ ಬಂದು.
ಬಂದರದ ಅಂಗಡಿಯಲ್ಲೀಗ ಮೊಬೈಲ್ ಕವರು ಮಾರುತ್ತಾರಂತೆ.

ಝುವೈನಾ ಸಮಾಯಿಲಿನ ವಾದಿಯಿಂದ ಒಂದು ಕಲ್ಲು ತಂದಿದ್ದರು.
ಅಲ್ಲಿ ಹಳೆಯ ಕಡಲ ತಳ, ಅದರ ಅಡಿಯದ್ದೂ ಸೇರಿ,
ಬೆಟ್ಟವಾಗಿ ಬಿಸಿಲಿಗೆ ಬಿದ್ದಿದೆಯಂತೆ, ಆಡು ಮೇಯುತ್ತವಂತೆ.
"ನೀನು ಇಷ್ಟು ದಿನ ಹುಡುಕಿದ್ದು, ಹಿಡಿ."
ಹಸಿರುಗಪ್ಪು. ಮುಷ್ಟಿಯಷ್ಟು.
ದಾರಿಯಲ್ಲಿ ಮೀನುಮಾರ್ಕೆಟ್ಟು; ತೂಗುಹಾಕಿದ ಕಾಟಾದ ತಟ್ಟೆಗೆ
ಕಲ್ಲು ಇಟ್ಟೆ. ಮುಳ್ಳು ನಡುಗಿ ನಿಂತಿತು.
ಮಾರುವವ ಬಗ್ಗಿ ನೋಡಿದ: ಇದು ಯಾವ ಮೀನು?
ಆಳದ್ದು, ಅಂದೆ.
ಅವನು ಬೆಲೆ ಕೇಳಲಿಲ್ಲ.
ತಟ್ಟೆ ಒರೆಸಿದ, ಮುಂದಿನವರನ್ನು ಕರೆದ.